ಧರ್ಮಪ್ರಚಾರಕ್ಕೆ ಬಂದು ನಿಘಂಟು ಕೊಟ್ಟ ಕಿಟ್ಟೆಲ್

ಕನ್ನಡ ಓದಿದವರಿಗೆಲ್ಲ ಕಿಟ್ಟೆಲ್ ಎಂಬ ಹೆಸರು ಪರಿಚಿತ. ಆ ಹೆಸರು ಕೇಳಿದ ಕೂಡಲೇ ನಿಘಂಟು ನೆನಪಾಗುತ್ತದೆ. ಆದರೆ ಅವರು ನಿಘಂಟು ಬರೆಯಲೆಂದು ನಮ್ಮ ನಾಡಿಗೆ ಬಂದವರಲ್ಲ. ಅವರು ಕ್ರೈಸ್ತ ಧರ್ಮಪ್ರಚಾರಕರು. ತಮ್ಮ ಧರ್ಮವನ್ನು ಸಾರಲು ಸಮುದ್ರ ದಾಟಿ ಬಂದ ಈ ವ್ಯಕ್ತಿಯನ್ನು, ಆ ಧರ್ಮವನ್ನು ಒಪ್ಪದ ಕನ್ನಡಿಗರೂ ಇಂದಿಗೂ ಗೌರವದಿಂದ ನೆನೆಯುತ್ತಾರೆ. ಇದಕ್ಕೆ ಕಾರಣವೇನು? ಒಳ್ಳೆಯವರಾಗಲು ಧರ್ಮ ಬೇಕೇ ಬೇಕೆ? ನಮ್ಮ ಧರ್ಮದವರಲ್ಲದವರ ಒಳ್ಳೆಯತನವನ್ನು ನಾವು ಹೇಗೆ ಕಾಣಬೇಕು? ತರಗತಿಯಲ್ಲಿ ಮಕ್ಕಳು ಆಗಾಗ ಕೇಳುವ ಈ ಪ್ರಶ್ನೆಗಳಿಗೆ ಕಿಟ್ಟೆಲ್ ಅವರ ಜೀವನದಲ್ಲಿ ಸ್ವಲ್ಪ ಬೆಳಕು ಸಿಗುತ್ತದೆ.

ಜನನ ಮತ್ತು ಶಿಕ್ಷಣ

ಫರ್ಡಿನಾಂಡ್ ಕಿಟ್ಟೆಲ್ ಅವರು 1832ರಲ್ಲಿ ಉತ್ತರ ಜರ್ಮನಿಯ ಒಂದು ಹಳ್ಳಿಯಲ್ಲಿ ಜನಿಸಿದರು. ತಂದೆ ಚರ್ಚಿನ ಪಾದ್ರಿಯಾಗಿದ್ದರು. ಬಾಲ್ಯದಿಂದಲೇ ಭಾಷೆಗಳ ಕಡೆ ಒಲವು. ಶಾಲೆಯಲ್ಲಿಯೇ ಹೀಬ್ರೂ, ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಕಲಿತರು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಶಿಕ್ಷಣಾಲಯವನ್ನು ಸೇರಿದರು. 1815ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 1834ರಿಂದ ಮಂಗಳೂರಿನಲ್ಲಿ ಕೆಲಸ ಮಾಡುತ್ತಿತ್ತು. 1853ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ಕಿಟ್ಟೆಲ್ ಅವರು ಕನ್ನಡ ನಾಡಿಗೆ ಬಂದರು.

ಕನ್ನಡ ನಾಡಿನಲ್ಲಿ

ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಅವರ ಕಾರ್ಯಕ್ಷೇತ್ರಗಳು. ಬಂದ ಹೊಸತರಲ್ಲಿ ಅವರು ಧಾರವಾಡದ ಸುತ್ತಮುತ್ತಲಿನ ಹಳ್ಳಿಗಳಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು. ದೊರೆಗಳಂತೆ ದೂರ ನಿಲ್ಲದೆ ಜನರ ನಡುವೆ ಜನರಂತೆ ಬದುಕಬೇಕೆಂಬುದು ಅವರ ಆಸೆಯಾಗಿತ್ತು. ಜನರ ಮಾತು ತಿಳಿಯದೆ ಅವರ ಮನಸ್ಸು ತಿಳಿಯದು ಎಂದು ಅರಿತು ಕನ್ನಡ, ಸಂಸ್ಕೃತಗಳ ಅಧ್ಯಯನಕ್ಕೆ ಕುಳಿತರು. 1862ರಲ್ಲಿ ಏಸುವಿನ ಜೀವನವನ್ನು ಕನ್ನಡದ ಹಾಡಿನ ಧಾಟಿಯಲ್ಲಿ, ‘ಕಥಾಮಾಲೆ’ ಎಂಬ ಹೆಸರಿನಿಂದ ಪ್ರಕಟಿಸಿದರು.

ಪರದೇಶದ ಜೀವನ ಸುಲಭವಾಗಿರಲಿಲ್ಲ. 1860ರಲ್ಲಿ ಮದುವೆಯಾದ ಪತ್ನಿ 1864ರಲ್ಲಿಯೇ ತೀರಿಕೊಂಡರು. ಮುಂದೆ ಆಕೆಯ ಸಹೋದರಿಯನ್ನು ಅವರು ವಿವಾಹವಾದರು. ಧರ್ಮಪ್ರಚಾರದಲ್ಲಿಯೂ ಹೇಳಿಕೊಳ್ಳುವಂತಹ ಯಶಸ್ಸು ಸಿಗಲಿಲ್ಲ. ಅವರ ಮಾತಿಗೆ ಧರ್ಮ ಬದಲಿಸಿದವರು ಕಡಿಮೆ. ಹಳೆಯ ಗ್ರಂಥಗಳ ಮುಂದೆ ಇಷ್ಟು ಹೊತ್ತು ಕಳೆಯುವುದು ಮಿಷನ್ನಿನ ಕೆಲವರಿಗೆ ಸರಿ ಕಾಣಲಿಲ್ಲ. ಆ ಲೆಕ್ಕದಲ್ಲಿ ಕಿಟ್ಟೆಲ್ ಅವರು ಸೋತವರೇ.

ನಿಘಂಟಿನ ಮಹಾಕಾರ್ಯ

ಆದರೆ ಅವರ ನಿಜವಾದ ಕೆಲಸ ಬೇರೆಯೇ ಆಗಿತ್ತು. ಜೈನ ವಿದ್ವಾಂಸ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಜೊತೆಗೆ ಕನ್ನಡ ಪಂಡಿತರ ನೆರವಿನಿಂದ ನಿಘಂಟಿನ ಕೆಲಸ ನಡೆಯುತ್ತಿತ್ತು. 1877ರಲ್ಲಿ ಅನಾರೋಗ್ಯದಿಂದ ಜರ್ಮನಿಗೆ ಹಿಂದಿರುಗಿದರೂ ಕೆಲಸ ಬಿಡಲಿಲ್ಲ. 50 ದಾಟಿದ ವಯಸ್ಸಿನಲ್ಲಿ, 1883ರಲ್ಲಿ, ನಿಘಂಟಿಗಾಗಿಯೇ ಮತ್ತೆ ಇಲ್ಲಿಗೆ ಬಂದರು. 1892ರಲ್ಲಿ ಶಾಶ್ವತವಾಗಿ ತಾಯ್ನಾಡಿಗೆ ಮರಳಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು!

ಆ ಪುಟಗಳಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದ, ರೈತರ ಗಾದೆ ಎಲ್ಲವೂ ಇವೆ. ಕಾಗದ, ಖಜಾನೆ, ಜಮೀನು ಮೊದಲಾದ ಪದಗಳು ಅರಬ್ಬಿ-ಪಾರಸಿಯಿಂದ ಕನ್ನಡಕ್ಕೆ ಬಂದವು. ಇಂತಹ ಪದಗಳನ್ನು ಅವರು ಪರಕೀಯವೆಂದು ಹೊರಗಿಡದೆ, ಹಿಂದೂಸ್ತಾನಿಯಿಂದ ಬಂದವು ಎಂದು ಗುರುತು ಹಾಕಿ ಸೇರಿಸಿಕೊಂಡರು. ಉರ್ದು ಮನೆಮಾತಾಗಿರುವ ನಮ್ಮ ಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನ್‌ನಲ್ಲಿ ನಿಧನರಾದರು.

ಒಳ್ಳೆಯತನಕ್ಕೆ ಧರ್ಮ ಬೇಕೆ?

ಕಿಟ್ಟೆಲ್ ಅವರಲ್ಲಿ ಕೊರತೆಗಳಿರಲಿಲ್ಲ ಎಂದಲ್ಲ. ತಮ್ಮ ಧರ್ಮವೇ ಸತ್ಯವೆಂದು ನಂಬಿದ ಅವರು ಇಲ್ಲಿನ ಪೂಜಾ ಪದ್ಧತಿಗಳನ್ನು ಟೀಕಿಸಿದ್ದೂ ಉಂಟು. ಆದರೆ ನಿಘಂಟಿಗೆ ಕುಳಿತಾಗ ತಾವು ಒಪ್ಪದ ಧರ್ಮಗಳ ಕವಿಗಳ ಮಾತಿಗೂ ಮೋಸ ಮಾಡಲಿಲ್ಲ. ಇದೇ ಅವರ ದೊಡ್ಡತನ. ಮನೆಮಠ ಬಿಟ್ಟು ಬರುವ ಧೈರ್ಯ, ಸಂಕಟದಲ್ಲಿ ತಾಳ್ಮೆ ಅವರಿಗೆ ಧರ್ಮಶ್ರದ್ಧೆಯಿಂದ ಬಂದಿರಬಹುದು. ಆದರೆ ಪ್ರಾಮಾಣಿಕತೆ ಒಂದು ಧರ್ಮದವರ ಸ್ವತ್ತಲ್ಲ. ಯಾವ ಧರ್ಮವನ್ನೂ ಒಪ್ಪದವರಲ್ಲಿಯೂ ಅದನ್ನು ಕಾಣುತ್ತೇವೆ, ಧರ್ಮದ ಹೆಸರು ಹೊತ್ತವರಲ್ಲಿ ಕಾಣದೆಯೂ ಇರುತ್ತೇವೆ.

ಹೀಗೆ ಹೇಳುವುದು ಇಸ್ಲಾಮಿಗೆ ವಿರುದ್ಧವೆಂದು ಯಾರೂ ಭಾವಿಸಬಾರದು. ಪ್ರವಾದಿ ಮುಹಮ್ಮದ್ ಪೈಗಂಬರ್ (ಸ) ಅವರ ಜೀವನವನ್ನೇ ನೋಡೋಣ. ಪ್ರವಾದಿತ್ವ ದೊರೆಯುವ ಮೊದಲು, ಮೋಸಹೋದ ವ್ಯಾಪಾರಿಯೊಬ್ಬನಿಗೆ ನ್ಯಾಯ ಕೊಡಿಸಲು ಮಕ್ಕಾದ ಹಿರಿಯರು ‘ಹಿಲ್ಫುಲ್ ಫುಜೂಲ್’ ಎಂಬ ಒಪ್ಪಂದ ಮಾಡಿಕೊಂಡಾಗ ಅವರೂ ಅದರಲ್ಲಿದ್ದರು. ಇಸ್ಲಾಂ ಬಂದ ಮೇಲೂ ಅಂತಹ ಒಪ್ಪಂದಕ್ಕೆ ಕರೆದರೆ ಹೋಗುವುದಾಗಿ ತಿಳಿಸಿದರು. ತಾಯಿಫ್‌ನಿಂದ ನೊಂದು ಹಿಂದಿರುಗಿದಾಗ ಮಕ್ಕಾದಲ್ಲಿ ಅವರಿಗೆ ರಕ್ಷಣೆ ಕೊಟ್ಟ ಮುತ್‌ಇಮ್ ಬಿನ್ ಅದಿ ಇಸ್ಲಾಂ ಸ್ವೀಕರಿಸಿದವರಲ್ಲ. ಆ ಉಪಕಾರವನ್ನು ಪ್ರವಾದಿಯವರು ಬದ್ರ್ ಯುದ್ಧದ ನಂತರವೂ ನೆನೆದರು. ಮುತ್‌ಇಮ್ ಬದುಕಿದ್ದು ಕೇಳಿದ್ದರೆ ಕೈದಿಗಳನ್ನೆಲ್ಲ ಅವರಿಗಾಗಿ ಬಿಡುತ್ತಿದ್ದೆ ಎಂದು ಹೇಳಿದರು. ಮುಸ್ಲಿಮರಿಗೆ ಆಶ್ರಯ ಕೊಟ್ಟಾಗ ಅಬಿಸೀನಿಯಾದ ದೊರೆ ನಜಾಶಿ ಕ್ರೈಸ್ತರೇ ಆಗಿದ್ದರು.

ಹಾಗಾದರೆ ಧರ್ಮ ಏಕೆ ಬೇಕು ಎಂದು ಕೇಳಬಹುದು. ಒಳ್ಳೆಯತನದ ಬೀಜವನ್ನು ಅಲ್ಲಾಹನು ಎಲ್ಲ ಮನುಷ್ಯರಲ್ಲೂ ಇಟ್ಟಿದ್ದಾನೆ. ನಮಗೆ ಧರ್ಮವು ಅದನ್ನು ಕರ್ತವ್ಯವನ್ನಾಗಿ ಮಾಡುತ್ತದೆ. ಯಾರೂ ನೋಡದಿದ್ದಾಗಲೂ ಲೆಕ್ಕ ಕೊಡಬೇಕಾಗಿದೆ ಎಂಬ ಎಚ್ಚರವನ್ನು ಕೊಡುತ್ತದೆ. ಇತರರ ಅಂತಿಮ ಲೆಕ್ಕ ಅವನಿಗೆ ಸೇರಿದ್ದು. ಉಪಕಾರ ಸ್ಮರಣೆ ಮಾತ್ರ ನಮಗೆ ಸೇರಿದ್ದು.

ವಿದ್ಯಾರ್ಥಿಗಳಿಗೆ

ನಮ್ಮ ಕಲಬುರಗಿಗೂ ಇಂತಹ ಒಬ್ಬ ಮಹಾನುಭಾವರು ದೂರದಿಂದ ಬಂದಿದ್ದರು. ಹಜರತ್ ಖಾಜಾ ಬಂದೇನವಾಜ್ (ರಹ) ಅವರು ಸುಮಾರು 1400ರಲ್ಲಿ, 80ರ ಹತ್ತಿರದ ವಯಸ್ಸಿನಲ್ಲಿ, ದೆಹಲಿಯಿಂದ ಇಲ್ಲಿಗೆ ಬಂದು 1422ರವರೆಗೆ ನೆಲೆಸಿದರು. ಅವರ ಉರುಸಿಗೆ ಇಂದಿಗೂ ಎಲ್ಲ ಧರ್ಮದವರು ಬರುತ್ತಾರೆ. ನಮ್ಮ ಹಿರಿಯರ ಒಳ್ಳೆಯತನವನ್ನು ಅನ್ಯರು ಗುರುತಿಸಿದಾಗ ನಾವು ಸಂತೋಷಪಡುತ್ತೇವೆ. ಅನ್ಯರ ಒಳ್ಳೆಯತನವನ್ನು ಗುರುತಿಸುವಾಗ ನಾವು ಜಿಪುಣರಾಗಬಾರದು.

ಪ್ರಿಯ ವಿದ್ಯಾರ್ಥಿಗಳೇ, ಕನ್ನಡ ಕಷ್ಟವೆಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಜರ್ಮನಿಯಲ್ಲಿ ಹುಟ್ಟಿದವರೊಬ್ಬರು ಅದಕ್ಕಾಗಿ ಆಯುಷ್ಯವನ್ನೇ ಕೊಟ್ಟರು. ನಾವಾದರೋ ಇದೇ ಮಣ್ಣಿನಲ್ಲಿ ಹುಟ್ಟಿದವರು. ಕಿಟ್ಟೆಲ್ ನಿಘಂಟನ್ನು ಮದರಾಸು ವಿಶ್ವವಿದ್ಯಾಲಯವು ಮರಿಯಪ್ಪ ಭಟ್ಟರ ಪರಿಷ್ಕರಣೆಯೊಂದಿಗೆ ನಾಲ್ಕು ಸಂಪುಟಗಳಲ್ಲಿ ಮತ್ತೆ ಪ್ರಕಟಿಸಿದೆ. ಗ್ರಂಥಾಲಯದಲ್ಲಿ ಸಿಕ್ಕರೆ ಒಮ್ಮೆ ತೆರೆದು, ನಿಮ್ಮ ಮನೆಯಲ್ಲಿ ಆಡುವ ಉರ್ದು ಪದಗಳು ಅದರಲ್ಲಿ ಎಷ್ಟು ಇವೆ ಎಂದು ಹುಡುಕಿರಿ. ನೆರೆಯವರ ಭಾಷೆಯನ್ನು ಪ್ರೀತಿಯಿಂದ ಕಲಿಯುವುದೂ ಒಂದು ನೇಕಿಯ ಕೆಲಸವೇ.