ರಾಜಾಜಿ ಯಾರನ್ನು ನಂಬಿದರು?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ರಾಜಾಜಿ ಎಂದರೆ ಒಂದು ಅಂಕದ ಪ್ರಶ್ನೆ. ಗವರ್ನರ್ ಜನರಲ್ ಹುದ್ದೆಗೇರಿದ ಏಕೈಕ ಭಾರತೀಯ ಯಾರು? ಸಿ. ರಾಜಗೋಪಾಲಾಚಾರಿ. ಅವಧಿ 1948ರಿಂದ 1950. ಉತ್ತರ ಗುರುತಿಸಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆದರೆ ರಾಜ್ಯಶಾಸ್ತ್ರದಲ್ಲಿ ಸಂಪ್ರದಾಯವಾದದ ಪಾಠ ಓದುವಾಗ ನನಗೆ ಟಿಪ್ಪಣಿಗಳಿಗಿಂತ ಹೆಚ್ಚು ನೆರವಾದದ್ದು ಈ ಮನುಷ್ಯನ ಬದುಕು.

ಆ ಪಾಠ ಶುರುವಾಗುವುದು ಫ್ರೆಂಚ್ ಕ್ರಾಂತಿಯನ್ನು ಟೀಕಿಸಿ 1790ರಲ್ಲಿ ಪುಸ್ತಕ ಬರೆದ ಎಡ್ಮಂಡ್ ಬರ್ಕ್‌ನಿಂದ. ಮನುಷ್ಯ ಅಪೂರ್ಣ, ಅವನ ಬುದ್ಧಿಗೆ ಮಿತಿ ಇದೆ ಎನ್ನುವುದರಲ್ಲಿ ಸಂಪ್ರದಾಯವಾದಿಗಳಲ್ಲಿ ಬಹುತೇಕರು ಒಮ್ಮತದವರು. ಆ ಬಳಿಕ ದಾರಿ ಮೂರಾಗುತ್ತದೆ. ಮನುಷ್ಯ ದುರ್ಬಲ, ಆದ್ದರಿಂದ ಅವನನ್ನು ತಡೆಯುವ ಗಟ್ಟಿ ಕೈ ಬೇಕು ಎನ್ನುವವರು ಕೆಲವರು. ಒಬ್ಬನ ಬುದ್ಧಿಗಿಂತ ತಲೆಮಾರುಗಳ ರೂಢಿಯೇ ವಾಸಿ ಎನ್ನುವವರು ಇನ್ನು ಕೆಲವರು. ಅಧಿಕಾರದಲ್ಲಿ ಕೂತವನೂ ಅದೇ ದುರ್ಬಲ ಮನುಷ್ಯ, ಅವನ ಕೈಗೆ ಹೆಚ್ಚು ಅಧಿಕಾರ ಕೊಡಬೇಡಿ ಎನ್ನುವವರು ಮತ್ತೆ ಕೆಲವರು. ರಾಜಾಜಿಯ ಬದುಕಿನಲ್ಲಿ ಈ ಮೂರೂ ಸಿಗುತ್ತವೆ.

ಅವರು ನಮಗೆ ದೂರದವರೂ ಅಲ್ಲ. ನಮ್ಮ ದೊಡ್ಡಆಲಹಳ್ಳಿಯಿಂದ ಕನಕಪುರ, ಹಾರೋಹಳ್ಳಿ, ಆನೇಕಲ್ ದಾಟಿದರೆ ಹೊಸೂರು. ಅದರ ಪಕ್ಕದ ತೊರಪಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ಅವರು ಹುಟ್ಟಿದರು. ತಂದೆ ಆ ಊರಿನ ಮುನ್ಸೀಫರು. ಹೊಸೂರಿನಲ್ಲಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಮದ್ರಾಸಿನಲ್ಲಿ ಕಾನೂನು ಓದು. 1900ರಲ್ಲಿ ಸೇಲಂನಲ್ಲಿ ವಕೀಲಿ ಶುರು ಮಾಡಿ ಹೆಸರು, ಹಣ ಎರಡನ್ನೂ ಗಳಿಸಿದರು. 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದರು. ಗಾಂಧೀಜಿಯ ಕರೆಗೆ ಓಗೊಟ್ಟು ವಕೀಲಿ ಬಿಟ್ಟರು. 1925ರಲ್ಲಿ ತಿರುಚೆಂಗೋಡಿನ ಬಳಿ ಆಶ್ರಮ ಕಟ್ಟಿ ಖಾದಿ ಮತ್ತು ಪಾನನಿಷೇಧದ ಕೆಲಸಕ್ಕೆ ಇಳಿದರು. 1930ರಲ್ಲಿ ವೇದಾರಣ್ಯಕ್ಕೆ ಉಪ್ಪಿನ ಯಾತ್ರೆ ನಡೆಸಿ ಜೈಲಿಗೆ ಹೋದರು. 1933ರಲ್ಲಿ ಮಗಳು ಲಕ್ಷ್ಮಿಯನ್ನು ಜಾತಿ ಮೀರಿ ಗಾಂಧೀಜಿಯ ಮಗ ದೇವದಾಸರಿಗೆ ಕೊಟ್ಟು ಮದುವೆ ಮಾಡಿದರು.

1937ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದ ಕೂಡಲೇ ಅವರು ತಮ್ಮ ಸೇಲಂ ಜಿಲ್ಲೆಯಿಂದಲೇ ಪಾನನಿಷೇಧ ಆರಂಭಿಸಿದರು. ಹೆಂಡದ ಅಂಗಡಿ ಎದುರಿಗಿದ್ದರೆ ಕೂಲಿಯವನ ಸಂಕಲ್ಪ ನಿಲ್ಲುವುದಿಲ್ಲ, ಅವನ ಹೆಂಡತಿ ಮಕ್ಕಳ ಸಲುವಾಗಿ ಸರ್ಕಾರವೇ ಅಂಗಡಿ ಮುಚ್ಚಬೇಕು ಎಂಬುದು ಅವರ ನಿಲುವು. ಖೋತಾ ಆದ ವರಮಾನವನ್ನು ತುಂಬಿಕೊಳ್ಳಲು 1939ರಲ್ಲಿ ದೇಶದಲ್ಲೇ ಮೊದಲ ಸಾಮಾನ್ಯ ಮಾರಾಟ ತೆರಿಗೆ ತಂದರು. ಇಲ್ಲಿ ಕಾಣುವುದು ಗಟ್ಟಿ ಕೈಯ ರಾಜಾಜಿ.

1952ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾಗಿ ಬಂದ ಅದೇ ರಾಜಾಜಿ ಆಹಾರ ಧಾನ್ಯದ ಮೇಲಿನ ನಿಯಂತ್ರಣ ತೆಗೆದುಹಾಕಿದರು. ವರ್ತಕರು ಅಕ್ಕಿ ಬಚ್ಚಿಡುತ್ತಾರೆ, ಬೆಲೆ ಏರುತ್ತದೆ ಎಂದು ಹಲವರು ಹೆದರಿಸಿದರು. ಅವರು ಹಿಂದೆ ಸರಿಯಲಿಲ್ಲ. ರೈತ ಮತ್ತು ವರ್ತಕನ ಲೆಕ್ಕಾಚಾರವನ್ನು ಅಧಿಕಾರಿಯ ಅಪ್ಪಣೆಗಿಂತ ಹೆಚ್ಚು ನಂಬಿದರು. ಆ ಹೆಜ್ಜೆ ಯಶಸ್ವಿಯಾಯಿತು.

ಮರುವರ್ಷವೇ ಅವರು ಮುಗ್ಗರಿಸಿದರು. 1953ರ ಪ್ರಾಥಮಿಕ ಶಿಕ್ಷಣ ಯೋಜನೆಯಲ್ಲಿ ಹಳ್ಳಿ ಶಾಲೆಯ ಅವಧಿಯನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿದರು. ಒಂದೇ ಶಾಲೆಯಲ್ಲಿ ಎರಡು ಪಾಳಿ ನಡೆಸಿದರೆ ಹೆಚ್ಚು ಮಕ್ಕಳು ಕಲಿಯಬಹುದು, ಉಳಿದ ಹೊತ್ತಿನಲ್ಲಿ ಹೆತ್ತವರ ಕಸುಬು ಕಲಿಯಲಿ ಎಂಬುದು ಲೆಕ್ಕ. ಹಣವಿಲ್ಲ, ಮೇಷ್ಟ್ರಿಲ್ಲ ಎಂಬ ಕಷ್ಟವೂ ನಿಜವಿತ್ತು. ಆದರೆ ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಇದನ್ನು ಕುಲಕಸುಬಿನ ಶಿಕ್ಷಣ ಎಂದು ಕರೆದು ಬೀದಿಗಿಳಿದರು. ಕಾಂಗ್ರೆಸ್ಸಿನ ಒಳಗೂ ವಿರೋಧ ಬೆಳೆಯಿತು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ನಂತರ ಬಂದ ಕಾಮರಾಜ್ ಯೋಜನೆಯನ್ನು ಕೈಬಿಟ್ಟರು.

ಈ ಅಧ್ಯಾಯವನ್ನು ನಾನು ಬರೀ ಪರೀಕ್ಷೆಗೆಂದು ಓದಲಾರೆ. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡುವಾಗ ಮನೆಯ ಮಕ್ಕಳೆಲ್ಲ ಕೈ ಹಾಕಲೇಬೇಕು. ಆ ಕಸುಬು ನನಗೆ ಬರುತ್ತದೆ, ಅದರ ಬಗ್ಗೆ ಹೆಮ್ಮೆಯೂ ಇದೆ. ಕೈಕೆಲಸಕ್ಕೆ ಬೆಲೆ ಇರಬೇಕು ಎಂಬ ರಾಜಾಜಿಯ ಆಸೆಯಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಶಾಲೆಯ ಅರ್ಧ ದಿನ ಕಿತ್ತುಕೊಂಡು ಅದನ್ನೇ ಕಲಿ ಎಂದು ಸರ್ಕಾರ ಹೇಳಿದ್ದರೆ ನಾನು ಇಂದು ಈ ಬರಹ ಬರೆಯುವ ಜಾಗದಲ್ಲಿ ಇರುತ್ತಿರಲಿಲ್ಲ. ವಕೀಲರ ಮಗನಿಗೂ ಕುಂಬಾರರ ಮಗನಿಗೂ ಅಪ್ಪನ ಕಸುಬನ್ನೇ ಕಲಿ ಎಂದರೆ ಮಾತು ಒಂದೇ, ಪರಿಣಾಮ ಬೇರೆ. ರೂಢಿಯಲ್ಲಿ ವಿವೇಕ ಇರುವಂತೆ ಅನ್ಯಾಯವೂ ಇರುತ್ತದೆ ಎಂಬುದನ್ನು ಅವರು ಅಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸೋತು ಮನೆ ಸೇರುವ ಜಾಯಮಾನ ಅವರದಲ್ಲ. 1959ರ ಜನವರಿಯಲ್ಲಿ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ಸಹಕಾರಿ ಬೇಸಾಯದ ನಿರ್ಣಯ ಮಾಡಿತು. ರೈತನ ಹೊಲ ರೈತನ ಕೈಯಲ್ಲೇ ಇರಬೇಕು ಎಂದು 80 ವರ್ಷದ ರಾಜಾಜಿ, ಎನ್.ಜಿ. ರಂಗಾ ಮತ್ತು ಮಿನೂ ಮಸಾನಿ ಜೊತೆ ಸೇರಿ ಅದೇ ವರ್ಷ ಸ್ವತಂತ್ರ ಪಕ್ಷ ಕಟ್ಟಿದರು. ಪ್ರತಿಯೊಂದಕ್ಕೂ ಸರ್ಕಾರದ ಅನುಮತಿ ಬೇಡುವ ವ್ಯವಸ್ಥೆಗೆ ಲೈಸೆನ್ಸ್ ಪರ್ಮಿಟ್ ರಾಜ್ ಎಂಬ ಹೆಸರು ಅಂಟಿಸಿದವರು ಅವರೇ. ಸಹಿ ಹಾಕುವ ಅಧಿಕಾರ ಇದ್ದಲ್ಲಿ ಲಂಚ ಹುಟ್ಟುತ್ತದೆ ಎಂದು ಅವರು ಎಚ್ಚರಿಸಿದರು. 1967ರ ಲೋಕಸಭಾ ಚುನಾವಣೆಯಲ್ಲಿ ಪಕ್ಷ 44 ಸ್ಥಾನ ಗೆದ್ದಿತು.

ಅದೇ ಚುನಾವಣೆಯಲ್ಲಿ ಅವರು ಕೈಜೋಡಿಸಿದ್ದ ಡಿಎಂಕೆ ಮದ್ರಾಸಿನಲ್ಲಿ ಅಧಿಕಾರಕ್ಕೆ ಬಂತು. 1971ರಲ್ಲಿ ಅದೇ ಪಕ್ಷದ ಸರ್ಕಾರ ಪಾನನಿಷೇಧ ಸಡಿಲಿಸಲು ಹೊರಟಾಗ, ತೊಂಬತ್ತು ದಾಟಿದ ರಾಜಾಜಿ ಮುಖ್ಯಮಂತ್ರಿ ಕರುಣಾನಿಧಿಯವರನ್ನು ಕಂಡು ಬೇಡಿಕೊಂಡರು. ಫಲ ಸಿಗಲಿಲ್ಲ. 1972ರ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಎರಡು ವರ್ಷಕ್ಕೆ ಸ್ವತಂತ್ರ ಪಕ್ಷವೂ ಬೇರೊಂದು ಪಕ್ಷದಲ್ಲಿ ವಿಲೀನವಾಯಿತು.

ನನ್ನ ಓದಿನಲ್ಲಿ, ಅಧಿಕಾರದಲ್ಲಿ ಇರುವವರನ್ನು ಅನುಮಾನಿಸಿದಾಗ ರಾಜಾಜಿಯ ಲೆಕ್ಕ ಸರಿ ಬಂತು. ಬಡವರ ಮಕ್ಕಳು ಎಷ್ಟು ದೂರ ಹೋಗಬಲ್ಲರು ಎಂಬುದನ್ನು ಅಳೆಯಲು ಹೋದಾಗ ತಪ್ಪಿತು. ಪಾನನಿಷೇಧದ ಬಗ್ಗೆ ನನಗೆ ಇನ್ನೂ ಒಂದು ತೀರ್ಮಾನಕ್ಕೆ ಬರಲಾಗಿಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ಕಂಡವರು ಆ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾರರು.

ಗೆಳೆಯರೇ, ನಮ್ಮಲ್ಲಿ ಕೆಲವರು ನಾಳೆ ಪಿಡಿಒ, ತಹಶೀಲ್ದಾರ್ ಆಗಬಹುದು. ಅರ್ಜಿ ಹಿಡಿದು ಎದುರು ನಿಂತವರನ್ನು ಅನುಮಾನದಿಂದ ನೋಡುವುದು ಆಗ ಬಹಳ ಸುಲಭ. ಆ ಅನುಮಾನದಲ್ಲಿ ಒಂದು ಪಾಲನ್ನು ಕುರ್ಚಿಯಲ್ಲಿ ಕೂತ ನಮ್ಮ ಮೇಲೂ ಇಟ್ಟುಕೊಂಡರೆ, ರಾಜಾಜಿಯನ್ನು ಓದಿದ್ದು ಒಂದು ಅಂಕಕ್ಕಿಂತ ಹೆಚ್ಚಿಗೆ ಉಪಯೋಗಕ್ಕೆ ಬರುತ್ತದೆ.