ಯಲ್ಲಾಪ್ರಗಡ ಸುಬ್ಬರಾವ್

ಭದ್ರಾವತಿ ಕಬ್ಬಿಣಕ್ಕೆ ಹೆಸರಾದ ಊರು. ರಕ್ತದ ಕೆಂಪಿಗೂ ಕಬ್ಬಿಣವೇ ಆಧಾರ. ಆದರೆ ಕಬ್ಬಿಣವೊಂದೇ ಸಾಲದು. ಆ ಊರಿನ ಸರ್ಕಾರಿ ಆಸ್ಪತ್ರೆಯಲ್ಲಾಗಲಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಾಗಲಿ ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಬೆರೆತಿರುತ್ತದೆ. ಈ ಜೀವಸತ್ವವನ್ನು ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿದ ವಿಜ್ಞಾನಿಗಳ ತಂಡಕ್ಕೆ ನಾಯಕರಾಗಿದ್ದವರು ಯಲ್ಲಾಪ್ರಗಡ ಸುಬ್ಬರಾವ್.

ಅವರು 1895ರ ಜನವರಿ 12ರಂದು ಆಂಧ್ರದ ಭೀಮವರದಲ್ಲಿ ಜನಿಸಿದರು. ಬಡತನದ ನಡುವೆಯೇ ಮದರಾಸಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದರು. ಸ್ಪ್ರೂ ಎಂಬ ಕರುಳಿನ ಬೇನೆಗೆ ಅವರ ಸೋದರ ಬಲಿಯಾದನು. ಉಂಡ ಅನ್ನದ ಸತ್ವ ಮೈಗೆ ಹತ್ತದೆ, ರಕ್ತಕಣಗಳು ಕುಂದಿ, ರೋಗಿ ಕೃಶನಾಗುವ ಬೇನೆಯದು. ಆ ಸಾವು ಸುಬ್ಬರಾಯರ ಮನಸ್ಸಿನಲ್ಲಿ ಆಳವಾಗಿ ನಾಟಿತು. ಖಾದಿಯ ನಿಲುವಂಗಿ ತೊಟ್ಟುದಕ್ಕಾಗಿ ಆಂಗ್ಲ ಪ್ರಾಧ್ಯಾಪಕರೊಬ್ಬರ ಅವಕೃಪೆಗೆ ಪಾತ್ರರಾದ ಅವರಿಗೆ ಪೂರ್ಣ ಪದವಿಯ ಬದಲು ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರ ದೊರೆಯಿತು.

1923ರಲ್ಲಿ ಬಾಸ್ಟನ್ ನಗರವನ್ನು ಸೇರಿದ ಅವರು ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಆಳಾಗಿ ದುಡಿದು ಹೊಟ್ಟೆ ಹೊರೆದರು. ಹಾರ್ವರ್ಡ್‌ನಲ್ಲಿ ಮಹತ್ತರ ಸಂಶೋಧನೆಗಳನ್ನು ನಡೆಸಿದರೂ ಅಲ್ಲಿ ಸ್ಥಿರವಾದ ಹುದ್ದೆ ಲಭಿಸಲಿಲ್ಲ. 1940ರಲ್ಲಿ ಲೆಡರ್ಲೆ ಪ್ರಯೋಗಶಾಲೆಗಳನ್ನು ಸೇರಿದರು.

ಅದಕ್ಕೂ ಮುನ್ನ, ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಗರ್ಭಿಣಿಯರ ರಕ್ತಹೀನತೆ ಈಸ್ಟಿನ ಸಾರದಿಂದ ಗುಣವಾಗುವುದನ್ನು ಲೂಸಿ ವಿಲ್ಸ್ ಎಂಬ ವೈದ್ಯೆ 1931ರಲ್ಲಿ ಪ್ರಕಟಿಸಿದ್ದರು. ಆ ಸಾರದಲ್ಲಿ ಅಡಗಿದ್ದುದೇ ಫೋಲಿಕ್ ಆಮ್ಲ. 1945ರಲ್ಲಿ ಸುಬ್ಬರಾಯರ ತಂಡ ಅದನ್ನು ಕೃತಕವಾಗಿ ತಯಾರಿಸಿತು. ಸೋದರನನ್ನು ಕೊಂದ ಬೇನೆಗೂ ಅದು ಮದ್ದಾಯಿತು.

ಇಲ್ಲಿ ಒಂದು ವಿಚಿತ್ರ ಸಂಗತಿ ಬೆಳಕಿಗೆ ಬಂತು. ರಕ್ತವನ್ನು ಬೆಳೆಸುವ ಈ ಸತ್ವ ರಕ್ತದ ಕ್ಯಾನ್ಸರನ್ನೂ ಬೆಳೆಸುವಂತೆ ಕಂಡಿತು. ಹಾಗಾದರೆ ಅದನ್ನು ತಡೆಯುವ ವಸ್ತು ಕ್ಯಾನ್ಸರನ್ನು ತಡೆಯಬೇಕಲ್ಲವೇ? ಲೆಡರ್ಲೆಯಲ್ಲಿ ಅಂತಹ ವಿರೋಧಿ ವಸ್ತುಗಳು ಸಿದ್ಧವಾದವು. ಅವುಗಳಲ್ಲೊಂದಾದ ಅಮಿನೋಪ್ಟೆರಿನ್ ಔಷಧವನ್ನು ಸಿಡ್ನಿ ಫಾರ್ಬರ್ ಅವರು ಲ್ಯುಕೀಮಿಯಾ ಪೀಡಿತ ಮಕ್ಕಳಿಗೆ ನೀಡಿದಾಗ ಹಲವರ ರೋಗ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿತು. ಇದು ಪ್ರಕಟವಾದುದು 1948ರ ಜೂನ್ ತಿಂಗಳಲ್ಲಿ. ಅದೇ ಆಗಸ್ಟ್‌ನಲ್ಲಿ, ಐವತ್ತಮೂರರ ವಯಸ್ಸಿನಲ್ಲಿ, ಸುಬ್ಬರಾವ್ ನ್ಯೂಯಾರ್ಕಿನಲ್ಲಿ ನಿಧನರಾದರು.

ಎಂಟು ವರ್ಷಗಳ ಬಳಿಕ ಅದೇ ವರ್ಗದ ಮೆಥೋಟ್ರೆಕ್ಸೇಟ್ ಎಂಬ ಔಷಧ ಇನ್ನೊಂದು ದಾರಿ ತೆರೆಯಿತು. ಗರ್ಭಧಾರಣೆಯ ಅಂಗಾಂಶದಿಂದಲೇ ಹುಟ್ಟಿ ಶ್ವಾಸಕೋಶಕ್ಕೂ ಹರಡುವ ಕೋರಿಯೋಕಾರ್ಸಿನೋಮ ಎಂಬ ಸ್ತ್ರೀಯರ ಕ್ಯಾನ್ಸರ್ ಅದರಿಂದ ಗುಣವಾದುದನ್ನು ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಸ್ 1956ರಲ್ಲಿ ವರದಿ ಮಾಡಿದರು. ಈ ಔಷಧ ಮೂಳೆಯ ಮಜ್ಜೆಯನ್ನೂ ಬಾಧಿಸುತ್ತದೆ. ಬಿಳಿಕಣಗಳು ಇಳಿದರೆ ಸೋಂಕು, ಕಿರುಬಿಲ್ಲೆಗಳು ಇಳಿದರೆ ರಕ್ತಸ್ರಾವ. ಆದುದರಿಂದ ಇಂದಿಗೂ ವೈದ್ಯರು ಮೊದಲು ರಕ್ತಕಣಗಳನ್ನು ಎಣಿಸಿ ನೋಡುತ್ತಾರೆ. ಎಣಿಕೆ ತೀರ ಇಳಿದಿದ್ದರೆ, ಅದು ಚೇತರಿಸಿಕೊಳ್ಳುವವರೆಗೆ ಕಾಯುತ್ತಾರೆ.