ಪ್ರಾರ್ಥನೆಯನ್ನು ಬಿಟ್ಟಿದ್ದ ತೆರೇಸಮ್ಮನವರು

ಅಕ್ಟೋಬರ್ 15ರಂದು ಧರ್ಮಸಭೆಯು ಆವಿಲಾದ ಸಂತ ತೆರೇಸಮ್ಮನವರ ಹಬ್ಬವನ್ನು ಆಚರಿಸುತ್ತದೆ. ಲಿಸ್ಯುವಿನ ಕಿರಿಯ ತೆರೇಸಮ್ಮನವರೂ ಕೋಲ್ಕತ್ತದ ಮದರ್ ತೆರೇಸಾರವರೂ ನಮ್ಮ ಕುಟುಂಬಗಳಿಗೆ ಹೆಚ್ಚು ಪರಿಚಿತರು. ಅವರಿಬ್ಬರಿಗಿಂತ ಬಹು ಹಿಂದಿನ ಈ ಹಿರಿಯ ತೆರೇಸಮ್ಮನವರನ್ನು ಪ್ರಾರ್ಥನೆಯ ಮಹಾಗುರುವೆಂದು ದೂರದಿಂದಲೇ ಕೈಮುಗಿದು ಬಿಡುತ್ತೇವೆ. ಅವರೂ ಒಂದು ವರ್ಷಕ್ಕೆ ಕಡಿಮೆಯಿಲ್ಲದಷ್ಟು ಕಾಲ ಏಕಾಂತ ಪ್ರಾರ್ಥನೆಯನ್ನೇ ಬಿಟ್ಟಿದ್ದರೆಂಬುದನ್ನು ಬಲ್ಲವರು ವಿರಳ.

ಅವರು ಸ್ಪೇನ್ ದೇಶದ ಆವಿಲಾ ನಗರದಲ್ಲಿ 1515ರ ಮಾರ್ಚ್ 28ರಂದು ಜನಿಸಿದರು. 1535ರಲ್ಲಿ, ತಂದೆ ದೋನ್ ಅಲೊನ್ಸೊರವರ ಇಚ್ಛೆಗೆ ವಿರುದ್ಧವಾಗಿ, ಕಾರ್ಮೆಲ್ ಸಭೆಯ ಕನ್ಯಾಮಠವನ್ನು ಸೇರಿದರು. ಕೆಲವೇ ವರ್ಷಗಳಲ್ಲಿ ಕಾಯಿಲೆ ಬಿದ್ದು ನಾಲ್ಕು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದರು. ಮಠದಲ್ಲಿ ಅವರಿಗಾಗಿ ಸಮಾಧಿಯ ಗುಂಡಿಯನ್ನೂ ತೋಡಿಯಾಗಿತ್ತು. ಬದುಕಿ ಉಳಿದರೂ ಸುಮಾರು ಮೂರು ವರ್ಷ ಕೈಕಾಲುಗಳು ಸ್ವಾಧೀನದಲ್ಲಿರಲಿಲ್ಲ. ಆ ವರ್ಷಗಳಲ್ಲಿಯೇ ದೇವರೊಡನೆ ಮೌನವಾಗಿ ಮಾತನಾಡುವ ಏಕಾಂತ ಪ್ರಾರ್ಥನೆ ಅವರಿಗೆ ರೂಢಿಯಾಯಿತು. ತಾವು ಕಲಿತದ್ದನ್ನು ತಂದೆಗೂ ಕಲಿಸಿದರು, ಓದಲು ಪುಸ್ತಕಗಳನ್ನು ಕೊಟ್ಟರು. ಐದಾರು ವರ್ಷಗಳಲ್ಲಿ ಆ ಹಿರಿಯರು ಅದರಲ್ಲಿ ಬಹಳ ಮುಂದುವರಿದರು.

ಹಿಂದೆ ಬಿದ್ದವರು ಮಗಳೇ. ಆರೋಗ್ಯ ಮರಳಿದ ಮೇಲೆ ಸಂದರ್ಶಕರ ಕೊಠಡಿಯಲ್ಲಿ ಬಂದವರೊಡನೆ ಹರಟೆ ಬೆಳೆಯಿತು. ಆ ಮಠದಲ್ಲಿ ಅದು ಸಾಮಾನ್ಯ ಸಂಗತಿ. ಆದರೆ ಹರಟೆ ಮುಗಿಸಿ ದೇವರೆದುರು ಒಂಟಿಯಾಗಿ ಕುಳಿತುಕೊಳ್ಳಲು ಅವರಿಗೆ ನಾಚಿಕೆಯಾಗತೊಡಗಿತು. ತಮ್ಮಂಥವರಿಗೆ ಅಷ್ಟು ಸಲುಗೆ ಸಲ್ಲದು, ಎಲ್ಲರಂತೆ ನಿಯಮದ ಪ್ರಾರ್ಥನೆಗಳನ್ನು ಬಾಯಿಂದ ಹೇಳಿದರೆ ಸಾಕು ಎಂದು ನಿಶ್ಚಯಿಸಿದರು. ವಿನಯದ ವೇಷ ತೊಟ್ಟ ಈ ತರ್ಕವನ್ನು ನಾವು ಸ್ವಲ್ಪ ಪರೀಕ್ಷಿಸಬೇಕು. ತಾವು ಅಯೋಗ್ಯರೆಂಬ ಆಧಾರವಾಕ್ಯ ಸತ್ಯವೇ; ಆದ್ದರಿಂದ ಪ್ರಾರ್ಥಿಸಬಾರದೆಂಬ ತೀರ್ಮಾನ ಮಾತ್ರ ಸುಳ್ಳು. ರೋಗ ವಾಸಿಯಾದ ಮೇಲೆ ವೈದ್ಯರ ಬಳಿಗೆ ಹೋಗುವೆನೆಂದು ಯಾವ ರೋಗಿಯಾದರೂ ಹೇಳುವನೇ? ಅದು ಸೈತಾನನ ಬಹು ದೊಡ್ಡ ವಂಚನೆಯಾಗಿತ್ತೆಂದು ಮುಂದೆ ಅವರೇ ಕಂಡುಕೊಂಡರು.

ಇತ್ತ ತಂದೆಯವರು ಮಗಳೊಡನೆ ದೇವರ ವಿಷಯ ಮಾತನಾಡಲೆಂದು ಮಠಕ್ಕೆ ಬರುತ್ತಿದ್ದರು. ಮಗಳು ಹಿಂದಿನಂತೆಯೇ ಇದ್ದಾಳೆಂದು ಅವರು ನಂಬಿದ್ದರು. ಅದನ್ನು ಸಹಿಸಲಾರದೆ ತೆರೇಸಮ್ಮನವರು ತಾವೀಗ ಪ್ರಾರ್ಥಿಸುತ್ತಿಲ್ಲವೆಂದು ತಿಳಿಸಿದರು. ಕಾರಣವನ್ನು ಮಾತ್ರ ಮರೆಮಾಚಿ, ಕಾಯಿಲೆ ಅಡ್ಡಿಯಾಗಿದೆ ಎಂದರು. ಕಾಯಿಲೆಗಳೇನೋ ಇದ್ದವು. ಅವು ಕಾರಣವಾಗಿರಲಿಲ್ಲ. ಸುಳ್ಳಾಡಿ ಅರಿಯದ ತಂದೆ ನಂಬಿದರು, ಮರುಗಿದರು. ಆ ಬಳಿಕ ಬಂದರೂ ಹೆಚ್ಚು ಹೊತ್ತು ಕೂರದೆ, ಮಗಳ ಮುಖ ನೋಡಿ ಹೊರಟುಬಿಡುತ್ತಿದ್ದರು. ಅಲ್ಲಿ ಕಳೆಯುವ ಸಮಯ ಅವರಿಗೆ ವ್ಯರ್ಥವೆನಿಸತೊಡಗಿತ್ತು. ಕುಟುಂಬ ಸಂದರ್ಶನದ ವೇಳೆ ಸಂಜೆಯ ಜಪಸರ ನಿಂತದ್ದೇಕೆಂದು ಕೇಳಿದಾಗ ನಮಗೂ ಕೆಲಸ, ಮಕ್ಕಳ ಪರೀಕ್ಷೆ, ತಲೆನೋವು ಎಂಬ ಉತ್ತರಗಳು ದೊರೆಯುವುದುಂಟು. ಗುರುಗಳಾದ ನಮ್ಮ ಬಳಿಯೂ ಇಂಥ ಉತ್ತರಗಳಿಗೆ ಬರವಿಲ್ಲ.

1543ರಲ್ಲಿ ತಂದೆಯವರು ಹಾಸಿಗೆ ಹಿಡಿದರು. ಮಗಳು ಮಠದಿಂದ ಬಂದು ಶುಶ್ರೂಷೆ ಮಾಡಿದರು. ಅವರು ಕಣ್ಣುಮುಚ್ಚುವವರೆಗೂ ಜೊತೆಗಿದ್ದರು. ಆನಂತರ ತಂದೆಯ ಪಾಪನಿವೇದನೆಯ ಗುರುಗಳಾಗಿದ್ದ ದೊಮಿನಿಕನ್ ಸಭೆಯ ವಿಸೆಂಟೆ ಬರೋನ್‌ರವರ ಬಳಿಗೆ ಹೋಗಿ ತಮ್ಮ ಆತ್ಮದ ಸ್ಥಿತಿಯನ್ನು ಬಿಚ್ಚಿಟ್ಟರು. ಹದಿನೈದು ದಿನಗಳಿಗೊಮ್ಮೆ ಪರಮಪ್ರಸಾದ ಸ್ವೀಕರಿಸುವಂತೆಯೂ ಪ್ರಾರ್ಥನೆಯನ್ನು ಮತ್ತೆ ಹಿಡಿಯುವಂತೆಯೂ ಗುರುಗಳು ತಿಳಿಸಿದರು.

ಅಂದಿನಿಂದ ಅವರು ಪ್ರಾರ್ಥನೆಯನ್ನು ಬಿಡಲಿಲ್ಲ. ಹಾಗೆಂದು ಸವಿಯೇನೂ ಒದಗಲಿಲ್ಲ. ಪ್ರಾರ್ಥನಾಲಯದೊಳಗೆ ಕಾಲಿಡುವಾಗಲೇ ದುಃಖ ಕವಿಯುತ್ತಿತ್ತು. ಕುಳಿತರೆ ಗಡಿಯಾರ ಯಾವಾಗ ಹೊಡೆದೀತೆಂದು ಕಿವಿಗೊಡುತ್ತಿದ್ದರು. ವರ್ಷಗಟ್ಟಲೆ ಹೀಗೆಯೇ ನಡೆಯಿತು. 1554ರ ಸುಮಾರಿಗೆ, ಮಠದಲ್ಲಿ ತಂದಿರಿಸಿದ್ದ ಗಾಯಗೊಂಡ ಕ್ರಿಸ್ತರ ಪ್ರತಿಮೆಯೊಂದರ ಮುಂದೆ ಅವರು ಕುಸಿದು ಅತ್ತರು. ಆಗ ಅವರ ವಯಸ್ಸು ಮೂವತ್ತೊಂಬತ್ತು. 1562ರಲ್ಲಿ ಆವಿಲಾದಲ್ಲಿ ಸಂತ ಜೋಸೆಫರ ಮಠ, ಆಮೇಲೆ ಒಂದರ ಹಿಂದೊಂದು ಹೊಸ ಮಠಗಳು, 1582ರಲ್ಲಿ ಮರಣ, 1622ರಲ್ಲಿ ಸಂತ ಪದವಿ, 1970ರಲ್ಲಿ ಧರ್ಮಸಭೆಯ ಪಂಡಿತೆಯೆಂಬ ಗೌರವ, ಇವೆಲ್ಲ ಬಹುತೇಕ ಓದುಗರಿಗೆ ತಿಳಿದದ್ದೇ.

1565ರಲ್ಲಿ ಪೂರ್ಣಗೊಳಿಸಿದ ತಮ್ಮ ಆತ್ಮಕಥೆಯಲ್ಲಿ ಅವರು ಪ್ರಾರ್ಥನೆಯನ್ನು ಕಲಿಯತೊಡಗಿದವರನ್ನು ಬಾವಿಯಿಂದ ನೀರು ಸೇದಿ ತೋಟಕ್ಕೆ ಹಾಕುವವರಿಗೆ ಹೋಲಿಸುತ್ತಾರೆ. ಬಾವಿ ಬತ್ತಿದ ದಿನವೂ ಆ ತೋಟಗಾರನು ಬಂದು ಬಿಂದಿಗೆಯನ್ನು ಇಳಿಸುತ್ತಾನೆ. ತಂದೆಗೆ ಹೇಳಿದ ನೆಪವನ್ನೂ ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಅವರು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಗ್ರಂಥ ಅಚ್ಚಾದದ್ದು 1588ರಲ್ಲಿ, ಅವರು ತೀರಿಕೊಂಡ ಆರು ವರ್ಷಗಳ ಮೇಲೆ.